ಭಂಗಿ ಔಷಧಿ ಮನೆ ಬಾಗಿಲಿಗೆ: ಆ್ಯಪ್ ಕಟ್ಟುವವರು ಚೀಟಿಯಿಂದ ಶುರು ಮಾಡಲಿ

ವಿಜಯನಗರ ಜಿಲ್ಲೆಯ ಹಂಪಸಾಗರದ ಸುತ್ತಿನ ಹಳ್ಳಿಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಗೆ ಅಲೆಯುವವರಿದ್ದಾರೆ. ಇನ್ನೂ ದೂರವೆಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಕಿಮೋ ಮುಗಿಸಿ ಮನೆಗೆ ಬಂದವರಿಗೆ ಅನ್ನ ಸೇರುವುದಿಲ್ಲ, ವಾಂತಿ ನಿಲ್ಲುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ಇಂಥವರಲ್ಲಿ ಕೆಲವರಿಗೆ ಆಯುರ್ವೇದ ವೈದ್ಯರು ವಿಜಯಾ ಸೇರಿದ ಎಣ್ಣೆಯನ್ನೋ ಗುಳಿಗೆಯನ್ನೋ ಬರೆದುಕೊಡುತ್ತಾರೆ. ವಿಜಯಾ ಎಂದರೆ ನಮ್ಮ ಭಂಗಿ ಸೊಪ್ಪು. ಅದು ಊರಿನ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಸೀಸೆ ತರಲು ಮನೆಯ ಒಬ್ಬರು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಅದನ್ನು ಮನೆಗೇ ತಲುಪಿಸುವ ಒಂದು ಆ್ಯಪ್ ಇದ್ದರೆ ಎಷ್ಟೋ ಮನೆಗೆ ಆಸರೆಯಾಗುತ್ತದೆ.

ಆದರೆ ಊಟ ತಲುಪಿಸುವ ಆ್ಯಪಿನ ನಕಲು ಮಾಡಿ, ಬಿರಿಯಾನಿ ಇದ್ದ ಕಡೆ ಎಣ್ಣೆಯ ಚಿತ್ರ ಹಾಕಿದರೆ ರೋಗಿಗೂ ಅಪಾಯ, ತಲುಪಿಸುವ ಹುಡುಗನಿಗೂ ಅಪಾಯ. ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲಿ ಕಂಪ್ಯೂಟರ್ ಓದಿ ಸ್ವಂತಕ್ಕೆ ಏನಾದರೂ ಮಾಡಬೇಕೆಂದಿರುವ ಹುಡುಗ ಹುಡುಗಿಯರಿಗೆ, ಅವರ ಜೊತೆ ಕೈ ಜೋಡಿಸಬಹುದಾದ ವೈದ್ಯರಿಗೆ, ಔಷಧಿ ಅಂಗಡಿಯವರಿಗೆ ಈ ಲೇಖನ.

ಮೊದಲು ಕಾನೂನು. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆ ಗಾಂಜಾವನ್ನು ಇದೇ ಗಿಡದ ಹೂ-ಕಾಯಿ ಬಿಟ್ಟ ತುದಿ ಎಂದೂ, ಚರಸನ್ನು ಅದರ ಅಂಟು ಎಂದೂ ಹೇಳುತ್ತದೆ. ತುದಿ ಸೇರದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ವಿಜಯಾ ಔಷಧಿ ದೇಶದಲ್ಲಿ ಕಾನೂನುಬದ್ಧವಾಗಿ ಸಿಗುತ್ತಿರುವುದು ಈ ಬಾಗಿಲಿನಿಂದ. ಹಾಗೆಂದು ಎಲೆ ಯಾರ ಹಂಗೂ ಇಲ್ಲದ ವಸ್ತುವಲ್ಲ. ಭಂಗಿಯ ಮೇಲೆ ರಾಜ್ಯದ ಅಬಕಾರಿ ಕಾಯ್ದೆಯ ಹಿಡಿತವಿದೆ. 1940ರ ಔಷಧಿ ಮತ್ತು ಕಾಂತಿವರ್ಧಕಗಳ ಕಾಯ್ದೆಯ ನಿಯಮಗಳಲ್ಲಿ ಇ(1) ಎಂಬ ಅನುಸೂಚಿ ಇದೆ. ಆಯುರ್ವೇದದಲ್ಲಿ ಬಳಸುವ ವಿಷದ್ರವ್ಯಗಳ ಪಟ್ಟಿ ಅದು, ಭಂಗಿ ಅದರಲ್ಲಿದೆ. ಇಂಥ ದ್ರವ್ಯ ಸೇರಿದ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಅಚ್ಚಾಗಿರಬೇಕು. ಗ್ರಹಣಿ, ಭೇದಿಗೆ ಕೊಡುವ ಹಳೆಯ ಜಾತೀಫಲಾದಿ ಚೂರ್ಣದಲ್ಲೂ ಭಂಗಿ ಇದೆ. ಆದ್ದರಿಂದ ಇದು ಹೊಸ ಕಂಪನಿಗಳ ಎಣ್ಣೆಗಷ್ಟೇ ಸೇರಿದ ಮಾತಲ್ಲ.

ಆ್ಯಪ್ ಕಟ್ಟುವವರಿಗೆ ನೇರ ಸಂಬಂಧಿಸಿದ್ದು 2022ರಲ್ಲಿ ಬಂತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ವೇದಿಕೆಗಳಿಗೆ ಒಂದು ಸೂಚನೆ ಕೊಟ್ಟಿತು: ಇ(1) ದ್ರವ್ಯವಿರುವ ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳನ್ನು, ಆಯಾ ಪದ್ಧತಿಯ ನೋಂದಾಯಿತ ವೈದ್ಯರ ಚೀಟಿಯನ್ನು ಬಳಕೆದಾರರು ವೇದಿಕೆಗೆ ಹಾಕಿದ ನಂತರವೇ ಮಾರಬೇಕು. ಆಯುರ್ವೇದ ಔಷಧಿ ತಯಾರಿಸಲು ಪರವಾನಗಿ ಬೇಕು, ಅಂಗಡಿಯಲ್ಲಿಟ್ಟು ಮಾರಲು ಈ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಹೀಗಾಗಿ ಈ ಔಷಧಿಯನ್ನು ತಡೆದು ನೋಡುವ ಗಟ್ಟಿ ಗೇಟು ಚೀಟಿಯೊಂದೇ. ಅದನ್ನು ಸಡಿಲ ಬಿಟ್ಟ ಆ್ಯಪ್ ಔಷಧಿ ಸೇವೆಯಾಗಿ ಉಳಿಯುವುದಿಲ್ಲ.

ಪೊಲೀಸರ ವಿಚಾರವನ್ನೂ ಇಲ್ಲೇ ಹೇಳಬೇಕು. 2022ರಲ್ಲೇ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಭಂಗಿಯನ್ನು ಎನ್‌ಡಿಪಿಎಸ್ ಕಾಯ್ದೆ ನಿಷೇಧಿತ ವಸ್ತುವೆಂದು ಹೇಳಿಲ್ಲ ಎಂಬುದನ್ನು ಪರಿಗಣಿಸಿ ಆರೋಪಿಗೆ ಜಾಮೀನು ಕೊಟ್ಟಿತು. ಆದರೆ ಜಾಮೀನು ಸಿಗುವವರೆಗೆ ಒಳಗಿರಬೇಕಾದವರು ಯಾರು? ನಾಳೆ ನಿಮ್ಮ ಆ್ಯಪಿನ ಬ್ಯಾಗ್ ಹಿಡಿದು ಕೂಡ್ಲಿಗಿ ರಸ್ತೆಯಲ್ಲಿ ಬೈಕ್ ಓಡಿಸುವ ಹುಡುಗನಿಗೆ ಆ ಗತಿ ಬರಬಾರದು. ಅವನ ಬಳಿ ಪ್ರತಿ ಪೊಟ್ಟಣದ ಬಿಲ್ಲು, ಚೀಟಿಯ ಪ್ರತಿ, ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಕಾಗದದಲ್ಲೇ ಇರಬೇಕು. ಮೊಬೈಲಿನಲ್ಲಿದೆ ಸಾರ್ ಎಂದರೆ ನೆಟ್‌ವರ್ಕ್ ಇಲ್ಲದ ಕಡೆ ನಡೆಯುವುದಿಲ್ಲ. ಚೀಟಿಯ ಪ್ರತಿಯನ್ನು ಮೊಹರು ಮಾಡಿದ ಕವರಿನಲ್ಲಿಡಿ, ಅಧಿಕಾರಿ ಕೇಳಿದಾಗ ಮಾತ್ರ ತೆರೆಯುವಂತಿರಲಿ. ರೋಗಿಯ ಕಾಯಿಲೆ ಹುಡುಗನಿಗೆ ತಿಳಿಯಬೇಕಾದ ಅಗತ್ಯವಿಲ್ಲ.

ಏನನ್ನು ತಲುಪಿಸಬಾರದು ಎಂಬುದನ್ನೂ ಮೊದಲೇ ಬರೆದುಕೊಳ್ಳಿ. ಕ್ಯಾನ್ಸರ್ ರೋಗಿಯ ಮನೆಯವರು ನಾಳೆ ಮಾರ್ಫಿನ್ ಗುಳಿಗೆಯನ್ನೂ ಕೇಳುತ್ತಾರೆ, ಅವರ ಕಷ್ಟ ನಿಜ. ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ ಮಾರ್ಫಿನ್ ಮಾನ್ಯತೆ ಪಡೆದ ಆಸ್ಪತ್ರೆ, ನೋವುಶಮನ ಕೇಂದ್ರಗಳಲ್ಲಿ ಸಿಗುವುದು ಸುಲಭವಾಯಿತು, ಆದರೂ ಅದು ಆ್ಯಪಿನ ಬ್ಯಾಗಿಗೆ ಬರುವ ವಸ್ತುವಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 26ರಂದು, ಪರವಾನಗಿಯುಳ್ಳ ಔಷಧಿ ಅಂಗಡಿಗಳು ಮನೆಗೆ ಔಷಧಿ ಕಳಿಸಲು ಕೇಂದ್ರ ಅನುಮತಿ ಕೊಟ್ಟಾಗಲೂ ಮಾದಕ ಮತ್ತು ಮನೋಪರಿಣಾಮಕಾರಿ ಔಷಧಿಗಳನ್ನು, ಎಚ್1 ಮತ್ತು ಎಕ್ಸ್ ಅನುಸೂಚಿಯವುಗಳನ್ನು ಹೊರಗಿಟ್ಟಿತ್ತು. ಅಂಗಡಿ ಇರುವ ಕಂದಾಯ ಜಿಲ್ಲೆಯೊಳಗಿನ ರೋಗಿಗಳಿಗೇ ಕಳಿಸಬೇಕೆಂಬ ಷರತ್ತೂ ಇತ್ತು. ಹರಪನಹಳ್ಳಿಯವರಿಗೆ ಜಿಲ್ಲೆಯ ಗೆರೆ ಏನು ಮಾಡುತ್ತದೆಂದು ಹೇಳಿಕೊಡಬೇಕಿಲ್ಲ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಜಿಲ್ಲೆ ಬದಲಾದರೂ ಜನ ಆಸ್ಪತ್ರೆಗೆ ಹೋಗುವುದು ದಾವಣಗೆರೆಗೇ. ಅಲೋಪತಿ ಔಷಧಿಯನ್ನೂ ಜೊತೆಗೆ ತಲುಪಿಸುವ ಯೋಚನೆ ಇದ್ದರೆ ಯಾವ ಅಂಗಡಿ, ಯಾವ ಜಿಲ್ಲೆ ಎಂಬುದನ್ನು ಆ್ಯಪ್ ತಾನೇ ನೋಡಿ ತಡೆಯುವಂತಿರಲಿ.

ಬೇರೆಯವರು ಈ ದಾರಿಯಲ್ಲಿ ನಡೆದಿದ್ದಾರೆ. ನಮ್ಮ ರಾಜ್ಯದಲ್ಲೇ 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಹೆಂಪ್‌ಕ್ಯಾನ್ ಸಲ್ಯೂಷನ್ಸ್ ಸಂಸ್ಥೆ ವಿಜಯಾ ಔಷಧಿಯ ಕ್ಲಿನಿಕ್ ತೆರೆದಾಗ ದೇಶದಲ್ಲಿ ಇಂಥದ್ದು ಮೊದಲನೆಯದೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೆನಡಾದಲ್ಲಿ ಪರವಾನಗಿ ಪಡೆದ ಬೆಳೆಗಾರರೇ ವೈದ್ಯರ ದಾಖಲೆಯ ಮೇಲೆ ರೋಗಿಯ ಮನೆಗೆ ಕಳಿಸುವ ವ್ಯವಸ್ಥೆ 2013ರ ನಿಯಮಗಳಿಂದ ಶುರುವಾಯಿತು. ಜರ್ಮನಿಯ ಅನುಭವ ನಮಗೆ ಹೆಚ್ಚು ಪಾಠ ಹೇಳುತ್ತದೆ. ಅಲ್ಲಿ 2024ರ ಏಪ್ರಿಲ್‌ನಲ್ಲಿ ಕಾನೂನು ಸಡಿಲಾದ ಮೇಲೆ, ವೈದ್ಯರ ಮುಖ ನೋಡದೆ ಆನ್‌ಲೈನಿನಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ತುಂಬಿ ಚೀಟಿ ಪಡೆಯುವುದು, ಅಂಚೆಯಲ್ಲಿ ತರಿಸಿಕೊಳ್ಳುವುದು ವಿಪರೀತವಾಯಿತು. ವೈದ್ಯರನ್ನು ನೇರ ಕಾಣಬೇಕು, ಅಂಚೆಯಲ್ಲಿ ಕಳಿಸಬಾರದು ಎಂಬ ಕರಡಿಗೆ ಅಲ್ಲಿನ ಸಂಪುಟ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಚೀಟಿಯನ್ನು ಹಗುರ ಮಾಡಿದವರಿಂದಾಗಿ ನಿಜವಾದ ರೋಗಿಗಳ ಮನೆ ಬಾಗಿಲು ಮುಚ್ಚುವ ಸ್ಥಿತಿ ಬಂತು. ನಮ್ಮಲ್ಲಿ ಹಾಗಾಗಬಾರದು.

ಈಗ ಆ್ಯಪಿನ ಒಳಗೆ ಬರೋಣ. ಮೊದಲ ಪರದೆಯಲ್ಲಿ ಸಾಮಾನಿನ ಪಟ್ಟಿ ಬೇಡ. “ನಿಮ್ಮ ವೈದ್ಯರ ಚೀಟಿಯ ಫೋಟೋ ತೆಗೆಯಿರಿ” ಎಂಬ ಒಂದೇ ಗುಂಡಿ ಇರಲಿ. ಫೋಟೋ ಮಸುಕಾಗಿದ್ದರೆ ಅಲ್ಲೇ ಧ್ವನಿಯಲ್ಲಿ ಹೇಳಲಿ: “ಚೀಟಿ ಸರಿಯಾಗಿ ಕಾಣ್ತಿಲ್ಲ, ಬೆಳಕಿಗೆ ಹಿಡಿದು ಇನ್ನೊಮ್ಮೆ ತೆಗೀರಿ.” ಚೀಟಿಯನ್ನು ಓದುವ ಕೆಲಸ ಯಂತ್ರಕ್ಕೆ ಬಿಡಬೇಡಿ. ನಮ್ಮ ವೈದ್ಯರ ಅಕ್ಷರ ಔಷಧಿ ಅಂಗಡಿಯವರಿಗೇ ಕೆಲವೊಮ್ಮೆ ದಕ್ಕುವುದಿಲ್ಲ. ಒಬ್ಬ ಅರ್ಹ ವ್ಯಕ್ತಿ ಕೂತು ವೈದ್ಯರ ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ಔಷಧಿ, ಪ್ರಮಾಣ, ಎಷ್ಟು ದಿನಕ್ಕೆ ಎಂಬುದನ್ನು ನೋಡಬೇಕು. ನೋಂದಣಿಯನ್ನು ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ತಾಳೆ ನೋಡಬೇಕು, ಅನುಮಾನ ಬಂದರೆ ವೈದ್ಯರಿಗೇ ಫೋನು ಮಾಡಬೇಕು. ಇದಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಲಿ. ಹತ್ತು ನಿಮಿಷದಲ್ಲಿ ತಲುಪಿಸುತ್ತೇವೆ ಎಂಬ ಭರವಸೆ ಈ ಔಷಧಿಗೆ ಸಲ್ಲದು.

ಭಾಷೆಯ ಮಾತು. ಕನ್ನಡದಲ್ಲಿ ಇರಬೇಕೆಂಬುದು ಹೇಳಬೇಕಾದ್ದೇ ಅಲ್ಲ, ಆದರೆ ಯಾವ ಕನ್ನಡ? “ಔಷಧಿಯ ಸೇವನಾ ಪ್ರಮಾಣವನ್ನು ನಮೂದಿಸಿ” ಎಂದರೆ ಹಡಗಲಿಯ ಅಜ್ಜಿಗೆ ಏನು ತಿಳಿಯಬೇಕು? “ದಿನಕ್ಕೆ ಎಷ್ಟು ಹನಿ ಹಾಕಿಕೊಳ್ಳಲು ಡಾಕ್ಟರ್ ಹೇಳಿದ್ದಾರೆ?” ಎಂದು ಕೇಳಿ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅದಕ್ಕೆ ತನ್ನದೇ ಲಿಪಿ ಇಲ್ಲ, ಹಾಗಾಗಿ ಧ್ವನಿಯೇ ದಾರಿ. ತಾಂಡಾದ ಒಬ್ಬ ಆಶಾ ಕಾರ್ಯಕರ್ತೆಯಿಂದ ಓದಿಸಿ ದಾಖಲಿಸಿಕೊಂಡರೆ ಯಾವ ಯಂತ್ರದ ದನಿಗಿಂತಲೂ ಚೆನ್ನಾಗಿರುತ್ತದೆ. ಉರ್ದು, ತೆಲುಗು ಮಾತಾಡುವ ಮನೆಗಳೂ ಇವೆ.

ಪ್ರಮಾಣ ಬರೆಯುವ ರೀತಿಯಲ್ಲಿ ಜೀವಕ್ಕೆ ತಾಗುವ ಒಂದು ತಪ್ಪು ನಡೆಯುತ್ತದೆ. 0.5 ಮಿಲಿ ಎಂದು ಬರೆದರೆ ಆ ಚುಕ್ಕಿ ಸಣ್ಣ ಪರದೆಯಲ್ಲಿ ಕಣ್ಣಿಗೆ ಬೀಳದೆ 5 ಮಿಲಿ ಆಗಬಹುದು, ಅಂದರೆ ಹತ್ತು ಪಟ್ಟು. ಅಂಕಿಯ ಜೊತೆ “ಅರ್ಧ ಮಿಲಿ” ಎಂದು ಅಕ್ಷರದಲ್ಲೂ ಬರೆಯಿರಿ, ಪಿಚಕಾರಿಯ ಯಾವ ಗೆರೆಯವರೆಗೆ ಎಂದು ಚಿತ್ರದಲ್ಲೂ ತೋರಿಸಿ. ಚಮಚದ ಲೆಕ್ಕ ಹೇಳಲೇಬೇಡಿ. ಒಂದು ಮನೆಯ ಚಮಚ ಇನ್ನೊಂದು ಮನೆಯ ಚಮಚದಂತೆ ಇರುವುದಿಲ್ಲ.

ವಿಳಾಸ ನಮ್ಮ ಕಡೆ ದೊಡ್ಡ ತಲೆನೋವು. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ತುಂಬಿದಾಗ ಹಿನ್ನೀರಿಗೆ ಸಿಕ್ಕ ಊರುಗಳು ಎದ್ದು ಬೇರೆ ಕಡೆ ಕೂತವು. ಹಳೇ ಊರು, ಹೊಸ ಊರು, ಕ್ಯಾಂಪು ಎಂದು ಒಂದೇ ಹೆಸರಿಗೆ ಎರಡು ಮೂರು ಜಾಗ. ಮನೆ ನಂಬರ್ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. “ಆಂಜನೇಯನ ಗುಡಿ ಹಿಂದೆ, ಹಾಲಿನ ಡೈರಿ ಪಕ್ಕದ ಸಂದಿ” ಎಂದು ರೋಗಿಯ ಮನೆಯವರು ತಮ್ಮದೇ ಮಾತಲ್ಲಿ ಹೇಳಿ ದಾಖಲಿಸುವ ಅವಕಾಶ ಕೊಡಿ. ಮೊದಲ ಸಲ ಹೋದ ಹುಡುಗ ಆ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡರೆ ಮುಂದೆ ಯಾರನ್ನೂ ಕೇಳಬೇಕಿಲ್ಲ. ಕೇಳುವುದರಲ್ಲೇ ಕೇಡಿದೆ. ಕಟ್ಟೆಯ ಮೇಲೆ ಕೂತವರನ್ನು “ಔಷಧಿ ತರಿಸಿದ ಇಂಥವರ ಮನೆ ಯಾವುದು?” ಎಂದರೆ ಸಂಜೆಯೊಳಗೆ ಊರಿಗೆಲ್ಲಾ ಗೊತ್ತು. ಅದರಲ್ಲೂ ಭಂಗಿ ಎಂಬ ಮಾತು ಹೊರಬಿದ್ದರೆ, ಕಾಯಿಲೆಯಿಂದ ಬಳಲುವ ಹೆಣ್ಣುಮಗಳಿಗೆ ಗಾಂಜಾ ಸೇದುವವಳು ಎಂಬ ಹೆಸರು ಅಂಟುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಎಲೆಯ ಚಿತ್ರ ಬೇಡ, ಹಸಿರು ಬಣ್ಣದ ಜಾಹೀರಾತು ಬೇಡ, ಸಾದಾ ಖಾಕಿ ಕವರು ಸಾಕು. ಮೊಬೈಲಿಗೆ ಬರುವ ಸಂದೇಶದಲ್ಲೂ ಔಷಧಿಯ ಹೆಸರಿರಬಾರದು. “ನಿಮ್ಮ ಪಾರ್ಸೆಲ್ ನಾಳೆ ಬೆಳಿಗ್ಗೆ ಬರುತ್ತದೆ” ಅಷ್ಟೇ.

ಆ ಮೊಬೈಲಾದರೂ ಯಾರ ಕೈಯಲ್ಲಿರುತ್ತದೆ? ಕೂಡ್ಲಿಗಿ, ಹರಪನಹಳ್ಳಿ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ದುಡಿಯುವವರು ಗುಳೆ ಹೋಗುತ್ತಾರೆ. ಸ್ಮಾರ್ಟ್ ಫೋನು ಮಗನ ಜೊತೆ ಬೆಂಗಳೂರಿನಲ್ಲಿ, ರೋಗಿ ಊರಲ್ಲಿ. ಓಟಿಪಿ ಬೆಂಗಳೂರಿಗೆ ಹೋಗಿ, ಮಗ ಕೆಲಸದಲ್ಲಿದ್ದು ಫೋನು ಎತ್ತದಿದ್ದರೆ ಔಷಧಿ ಬಾಗಿಲ ತನಕ ಬಂದು ಹಿಂದಕ್ಕೆ ಹೋಗುತ್ತದೆ. ಇದಕ್ಕೆ ಪರಿಹಾರ ಸರಳ. ಬುಕ್ ಮಾಡುವವರು, ಔಷಧಿ ತೆಗೆದುಕೊಳ್ಳುವವರು, ಬಾಗಿಲಲ್ಲಿ ಪಡೆಯುವವರು ಎಂದು ಮೂರು ಹೆಸರಿಗೆ ಜಾಗ ಇರಲಿ. ಪಡೆಯುವವರು ಯಾರೆಂದು ರೋಗಿಯೇ ಹೇಳಬೇಕು, ಅವರು ವಯಸ್ಕರಾಗಿರಬೇಕು. ಬಾಗಿಲಲ್ಲಿ ಹೇಳುವ ಗುಟ್ಟಿನ ಸಂಖ್ಯೆಯನ್ನು ಹಿಂದಿನ ದಿನವೇ ಬಟನ್ ಫೋನಿಗೆ ಕರೆ ಮಾಡಿ ಎರಡು ಸಲ ಓದಿ ಹೇಳಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಕಿರಾಣಿ ಅಂಗಡಿಯಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ಸಾಮಾನ್ಯ, ಈ ಪೊಟ್ಟಣಕ್ಕೆ ಅದು ಕೂಡದು. ಶಾಲೆಯಿಂದ ಬಂದ ಹುಡುಗನ ಕೈಗೂ ಕೊಡಬಾರದು. ವಾಪಸ್ ತಂದು ಮರುದಿನ ಹೋಗಲಿ.

ದಿನ ಗೊತ್ತು ಮಾಡುವಾಗ ನಮ್ಮ ಪಂಚಾಂಗ ಕೈಯಲ್ಲಿರಲಿ. ಕೊಟ್ಟೂರಿನ ತೇರು, ಮೈಲಾರದ ಕಾರಣಿಕದ ದಿನಗಳಲ್ಲಿ ಹಡಗಲಿ, ಕೊಟ್ಟೂರು ಕಡೆಯ ರಸ್ತೆಗಳು ಪಾದಯಾತ್ರಿಗಳಿಂದ, ಬಂಡಿ ಟ್ರ್ಯಾಕ್ಟರುಗಳಿಂದ ತುಂಬಿರುತ್ತವೆ. ಆ ವಾರ ಔಷಧಿ ಮುಗಿಯುವವರಿಗೆ ಮುಂಚೆಯೇ ತಲುಪಿಸಬೇಕು. ಬೇಸಿಗೆಯಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ, ಬೈಕಿನ ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಎಣ್ಣೆಯ ಔಷಧಿ ಬಿಸಿಗೂ ಬೆಳಕಿಗೂ ಕೆಡುತ್ತದೆ. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಹತ್ತರೊಳಗೆ ಹಂಚಿ ಮುಗಿಸಿ, ಥರ್ಮೋಕೋಲ್ ಡಬ್ಬಿ ಬಳಸಿ.

ಔಷಧಿಯ ಗುಣದ ಬಗ್ಗೆ ಆ್ಯಪ್ ಏನು ಹೇಳಬಹುದು? ಜಗತ್ತಿನಲ್ಲಿ ಗಟ್ಟಿ ಪರೀಕ್ಷೆ ದಾಟಿ ಬಂದ ಬಳಕೆಗಳು ಕೆಲವೇ. ಕಿಮೋ ವಾಂತಿಗೆ ಡ್ರೊನಾಬಿನಾಲ್, ನಾಬಿಲೋನ್ ಎಂಬ ಔಷಧಿಗಳಿಗೆ ಅಮೆರಿಕ 1985ರಲ್ಲೇ ಒಪ್ಪಿಗೆ ಕೊಟ್ಟಿತು. ಮಕ್ಕಳ ಎರಡು ಕಠಿಣ ಮೂರ್ಛೆರೋಗಗಳಿಗೆ ಈ ಗಿಡದ ಸಿಬಿಡಿ ಎಂಬ ಅಂಶವನ್ನು ಶುದ್ಧ ಮಾಡಿದ ಎಪಿಡಿಯೋಲೆಕ್ಸ್ 2018ರಲ್ಲಿ ಒಪ್ಪಿಗೆ ಪಡೆಯಿತು. ಇವು ಅಳತೆ ಮಾಡಿದ ಔಷಧಿಗಳು. ಅವುಗಳ ಫಲಿತಾಂಶ ತೋರಿಸಿ ಯಾವುದೋ ಎಣ್ಣೆ ಮಾರಬಾರದು. ಕ್ಯಾನ್ಸರ್ ಗುಣವಾಗುತ್ತದೆ, ಮೂರ್ಛೆರೋಗ ಹೋಗುತ್ತದೆ ಎಂದು ಜಾಹೀರಾತು ಮಾಡುವುದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಅಪರಾಧ ಎನ್ನುವುದಕ್ಕಿಂತ ಹೆಚ್ಚಾಗಿ, ಅಂಥ ಮಾತು ನಂಬಿ ಒಬ್ಬರು ಕಿಮೋ ಅರ್ಧಕ್ಕೆ ಬಿಟ್ಟರೆ ಆ ಜೀವ ಮತ್ತೆ ಸಿಗುವುದಿಲ್ಲ. ಆ್ಯಪಿನ ಪ್ರತಿ ಬಿಲ್ಲಿನಲ್ಲೂ ಇರಲಿ: ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಬೇಡಿ.

ಔಷಧಿ ಕಳಿಸುವ ಮುಂಚೆ ಕೆಲವು ಪ್ರಶ್ನೆ ಕೇಳಲೇಬೇಕು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದೀರಾ? ಮೂರ್ಛೆಗೆ ಕ್ಲೋಬಾಜಾಮ್ ಇದೆಯಾ? ಸಿಬಿಡಿ ಇವೆರಡರ ಪ್ರಭಾವವನ್ನೂ ಏರಿಸಬಲ್ಲದು. ಹೃದಯದ ತೊಂದರೆ ಇದೆಯಾ, ಬಸುರಿಯಾ, ಹಾಲೂಡಿಸುತ್ತಿದ್ದೀರಾ, ಮನೆಯಲ್ಲಿ ಯಾರಿಗಾದರೂ ಚಿತ್ತಭ್ರಮೆಯ ಕಾಯಿಲೆ ಇತ್ತಾ? ಒಂದಕ್ಕೆ ಹೌದು ಎಂದರೂ ಆರ್ಡರ್ ನಿಲ್ಲಬೇಕು, ವೈದ್ಯರಿಗೆ ಕರೆ ಹೋಗಬೇಕು. ನುಂಗಿದ ಔಷಧಿ ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಎಂದು ಮತ್ತೆ ಹಾಕಿಕೊಂಡವರೇ ತಲೆ ತಿರುಗಿ, ಎದೆ ಹೊಡೆದುಕೊಂಡು ಆಸ್ಪತ್ರೆ ಸೇರುವುದು. ಮೊದಲ ಸೀಸೆ ತಲುಪಿಸಿದಾಗ ಇದನ್ನು ಫೋನಿನಲ್ಲಿ ಮಾತಾಡಿ ತಿಳಿಸಬೇಕು. ತೆಗೆದುಕೊಂಡ ಮೇಲೆ ಬೈಕು, ಟ್ರ್ಯಾಕ್ಟರ್ ಓಡಿಸಬಾರದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು. 108ರ ಜೊತೆಗೆ ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಪ್ರತಿ ಪರದೆಯ ಕೆಳಗೆ ಇರಲಿ.

ಮತ್ತೆ ತರಿಸುವುದಕ್ಕೆ ಲೆಕ್ಕ ಬೇಕು. ಮೂವತ್ತು ದಿನದ ಸೀಸೆ ಹನ್ನೆರಡನೇ ದಿನಕ್ಕೆ ಮುಗಿಯಿತೆಂದರೆ ಮನೆಯಲ್ಲಿ ಬೇರೆ ಯಾರೋ ಮುಟ್ಟುತ್ತಿದ್ದಾರೆ, ಇಲ್ಲವೇ ನೋವು ಹೆಚ್ಚಾಗಿದೆ. ಎರಡರಲ್ಲಿ ಯಾವುದೇ ಆಗಿದ್ದರೂ ಉತ್ತರ ಇನ್ನೊಂದು ಸೀಸೆ ಅಲ್ಲ, ವೈದ್ಯರ ಭೇಟಿ. ಎರಡು ಕೊಂಡರೆ ಒಂದು ಉಚಿತ, ಗೆಳೆಯರಿಗೆ ಹೇಳಿದರೆ ನೂರು ರೂಪಾಯಿ, ಇಂಥ ಆಮಿಷ ಈ ಆ್ಯಪಿನಲ್ಲಿ ಇರಲೇಬಾರದು. ಹಣ ಹೂಡುವವರು ಇದಕ್ಕೆ ಒಪ್ಪದಿದ್ದರೆ ಅಂಥ ಹಣ ಬೇಡ.

ರೋಗಿಯ ವಿವರಗಳನ್ನು ಎಷ್ಟು ಬೇಕೋ ಅಷ್ಟೇ ಇಟ್ಟುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ತಿಳಿಯುವ ಭಾಷೆಯಲ್ಲಿ ಪಡೆಯಬೇಕೆನ್ನುತ್ತದೆ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಅದನ್ನು ಓದುವ ಆಯ್ಕೆ ಕೊಡಬೇಕೆನ್ನುತ್ತದೆ. ಕನ್ನಡ ಅದರಲ್ಲಿದೆ. ಆಧಾರ್ ಪ್ರತಿ ಕೇಳುವ ಚಾಳಿ ಬಿಡಿ. ಸಂಪರ್ಕ ಪಟ್ಟಿ, ಫೋಟೋ ಸಂಗ್ರಹ ಯಾವುದಕ್ಕೂ ಕೈ ಹಾಕಬೇಡಿ. ರೋಗಿ ತೀರಿಕೊಂಡರೆ ಮನೆಯವರು ಒಂದು ಕರೆ ಮಾಡಿದ ಕೂಡಲೇ “ಔಷಧಿ ಮುಗಿಯುತ್ತಾ ಬಂತು” ಎಂಬ ನೆನಪೋಲೆಗಳು ನಿಲ್ಲಬೇಕು, ಉಳಿದ ಸೀಸೆಯನ್ನು ಏನು ಮಾಡಬೇಕೆಂದು ತಿಳಿಸಿಕೊಡಬೇಕು. ಇದು ಯಾವ ಆ್ಯಪಿನ ಪಟ್ಟಿಯಲ್ಲೂ ಮೊದಲ ದಿನ ಇರುವುದಿಲ್ಲ, ಇರಬೇಕು.

ಶುರು ಹೇಗೆ ಎನ್ನುವವರಿಗೆ: ಕೋಡು ಬರೆಯುವ ಮೊದಲು ಹೊಸಪೇಟೆಯ ಜಿಲ್ಲಾ ಆಯುಷ್ ಅಧಿಕಾರಿಗಳನ್ನೂ ಅಬಕಾರಿ ಇಲಾಖೆಯವರನ್ನೂ ಕಂಡು, ಯಾವ ಔಷಧಿ, ಯಾರ ತಯಾರಿಕೆ, ಹೇಗೆ ಸಾಗಿಸುತ್ತೇವೆ ಎಂಬುದನ್ನು ಬರಹದಲ್ಲಿ ಕೊಟ್ಟು ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನ ಅಧ್ಯಾಪಕರ ಸಲಹೆ ಕೇಳಿ. ಆಮೇಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ನಾಲ್ಕಾರು ಊರು, ಒಬ್ಬಿಬ್ಬರು ವೈದ್ಯರು, ಅವರಲ್ಲಿಗೆ ಈಗಾಗಲೇ ಹೋಗುತ್ತಿರುವ ರೋಗಿಗಳು, ಅಷ್ಟರಲ್ಲೇ ಎರಡು ಮೂರು ತಿಂಗಳು ಬರೀ ಫೋನು ಮತ್ತು ಒಂದು ದಪ್ಪ ಲೆಡ್ಜರ್ ಇಟ್ಟುಕೊಂಡು ನಡೆಸಿ. ಯಾವ ಚೀಟಿ ಓದಲಾಗಲಿಲ್ಲ, ಯಾವ ಮನೆ ಸಿಗಲಿಲ್ಲ, ಯಾರು ಪ್ರಮಾಣ ತಪ್ಪು ತಿಳಿದರು, ಯಾವ ದಿನ ಹುಡುಗನನ್ನು ತಡೆದು ಕೇಳಿದರು ಎಂಬುದೆಲ್ಲ ಆ ಲೆಡ್ಜರಿನಲ್ಲಿ ದಿನಾಂಕ ಸಮೇತ ಬರೆದಿರಲಿ. ಆ್ಯಪಿನ ಪರದೆಗಳನ್ನು ಆ ಪುಟಗಳನ್ನು ಮುಂದಿಟ್ಟುಕೊಂಡೇ ಬಿಡಿಸಿ.